ಕಾರ್ಪೆಟ್ ತಗೊಳ್ಳೋ ಮುಂಚೆ ತಿರುಗಿಸಿ ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಾಲ್‌ಗೆ ಒಂದು ಕಾರ್ಪೆಟ್ ತಗೋಬೇಕು ಅಂತಿದೀವಿ. ಅಂಗಡೀಲಿ ಉಣ್ಣೆ, ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅಂತೆಲ್ಲ ಹೇಳಿದ್ರು, ರೇಷ್ಮೆ ಥರ ಹೊಳೆಯೋದೊಂದು ತೋರಿಸಿದ್ರು, ನಂಗಂತೂ ಅದೇ ಇಷ್ಟ ಆಯ್ತು. ಮನೇಲಿ ಇಬ್ರು ಚಿಕ್ಕ ಮಕ್ಕಳು, ಒಂದು ಬೆಕ್ಕು. ಯಾವುದು ತಗೊಳ್ಳೋಣ?

ಉತ್ತರ: ಮೊದಲು ಆ ಹೊಳೆಯೋದರ ವಿಷಯ. ರೇಷ್ಮೆ ಥರ ಇದ್ದು ರೇಷ್ಮೆ ರೇಟ್ ಇಲ್ಲ ಅಂದ್ರೆ ಅದು ಹೆಚ್ಚಾಗಿ ವಿಸ್ಕೋಸ್. ಮರದ ತಿರುಳಿಂದ ಮಾಡಿದ ನೂಲು, ನೋಡೋಕೆ ತುಂಬಾ ಚೆಂದ, ಆದ್ರೆ ಒದ್ದೆ ಆದ್ರೆ ಶಕ್ತಿ ಕಳ್ಕೊಳ್ಳುತ್ತೆ, ಒಂದು ಲೋಟ ನೀರು ಚೆಲ್ಲಿದ್ರೂ ಕಲೆ ನಿಲ್ಲಬಹುದು, ಉಜ್ಜಿದ್ರೆ ಎಳೆ ಎಳೆ ಎದ್ದು ಬರುತ್ತೆ. ಯಾರೂ ಜಾಸ್ತಿ ಓಡಾಡದ ರೂಮಿಗೆ ಸರಿ, ಮಕ್ಕಳಿರೋ ಹಾಲ್‌ಗೆ ದಯವಿಟ್ಟು ಬೇಡ.

ಉಳಿದವುಗಳಲ್ಲಿ ನನ್ನ ಮೊದಲ ಆಯ್ಕೆ ಉಣ್ಣೆನೇ. ತುಳಿದು ತುಳಿದು ಮಲಗಿದ ಎಳೆ ಮತ್ತೆ ಎದ್ದು ನಿಲ್ಲುತ್ತೆ, ಬೆಂಕಿ ಕಿಡಿ ಬಿದ್ರೆ ಸುಲಭವಾಗಿ ಹತ್ಕೊಳ್ಳಲ್ಲ, ಚೆಲ್ಲಿದ್ದು ತಕ್ಷಣ ಒಳಗೆ ಇಳಿಯಲ್ಲ, ಒರೆಸೋಕೆ ಸ್ವಲ್ಪ ಟೈಮ್ ಸಿಗುತ್ತೆ. ಹೊಸದರಲ್ಲಿ ಕೆಲವು ತಿಂಗಳು ಪುಡಿ ಪುಡಿಯಾಗಿ ಉದುರುತ್ತೆ, ಅದು ದೋಷ ಅಲ್ಲ, ಗಾಬರಿ ಆಗ್ಬೇಡಿ. ಆದ್ರೆ ಹುಳ ಹಿಡಿಯೋ ಭಯ ಇದ್ದೇ ಇದೆ, ಸೋಫಾ ಕೆಳಗೆ ಕತ್ತಲಲ್ಲಿರೋ ಭಾಗನೂ ಆಗಾಗ ವ್ಯಾಕ್ಯೂಮ್ ಮಾಡ್ಬೇಕು. ಬ್ಲೀಚ್ ಮಾತ್ರ ಯಾವತ್ತೂ ಮುಟ್ಟಿಸ್ಬೇಡಿ, ಅದು ಉಣ್ಣೆನ ಕರಗಿಸೇ ಬಿಡುತ್ತೆ.

ಉಣ್ಣೆ ಬಜೆಟ್ಟಿಗೆ ಬರಲ್ಲ ಅಂದ್ರೆ ನೈಲಾನ್. ಸಿಂಥೆಟಿಕ್‌ಗಳಲ್ಲಿ ತುಳಿತಕ್ಕೆ ಚೆನ್ನಾಗಿ ತಡೆಯೋದು ಅದೇ, ಆದ್ರೆ ಬಣ್ಣದ ಪಾನೀಯ ಚೆಲ್ಲಿದ್ರೆ ಕಲೆ ಹಿಡ್ಕೊಳ್ಳುತ್ತೆ, ಹಾಗಾಗಿ ಕಲೆ ಹಿಡಿಯದ ಹಾಗೆ ಟ್ರೀಟ್‌ಮೆಂಟ್ ಆಗಿದ್ಯಾ ಅಂತ ಕೇಳಿ. ಪಾಲಿಪ್ರೊಪಿಲೀನ್ ಅಗ್ಗ, ನೀರು ಹೀರೋದೇ ಇಲ್ಲ ಅನ್ನಬಹುದು, ನೀರಿನ ಕಲೆ ಬೇಗ ಹೋಗುತ್ತೆ. ಎಣ್ಣೆ ಜಿಡ್ಡು ಮಾತ್ರ ಅಂಟಿ ಕೂರುತ್ತೆ, ಮತ್ತೆ ಜನ ನಡೆಯೋ ದಾರೀಲಿ ಬೇಗ ಮಲಗಿಬಿಡುತ್ತೆ. ಅದು ಕರಗೋದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ, ಹಾಗಾಗಿ ಭಾರದ ಮಂಚ ಎಳೆದ್ರೆ ಆ ತಿಕ್ಕಾಟದ ಬಿಸಿಗೇ ಗೆರೆ ಬೀಳಬಹುದು, ಎತ್ತಿ ಇಡಿ. ಪಾಲಿಯೆಸ್ಟರ್ ಮೆತ್ತಗಿರುತ್ತೆ, ಬಣ್ಣ ಚೆನ್ನಾಗಿರುತ್ತೆ, ಅದೂ ಬೇಗ ಚಪ್ಪಟೆ ಆಗುತ್ತೆ, ಬೆಡ್‌ರೂಮ್‌ಗೆ ಸಾಕು.

ಇನ್ನು ಬೆಕ್ಕು. ಕಾರ್ಪೆಟ್ ಮೇಲೆ ಎದ್ದು ನಿಂತಿರೋ ನೂಲಿಗೆ ಪೈಲ್ ಅಂತಾರೆ, ಅದು ಕುಣಿಕೆ ಕುಣಿಕೆಯಾಗಿದ್ರೆ ಲೂಪ್ ಪೈಲ್, ಅದಕ್ಕೆ ಉಗುರು ಸಿಕ್ಕಿಕೊಂಡ್ರೆ ಒಂದು ಎಳೆ ಹಿಡಿದು ಉದ್ದಕ್ಕೂ ಬಿಚ್ಚಿಕೊಂಡು ಬರುತ್ತೆ. ತುದಿ ಕತ್ತರಿಸಿರೋ ಕಟ್ ಪೈಲ್ ತಗೊಳ್ಳಿ, ಗಿಡ್ಡ ಇರಲಿ, ಒತ್ತಾಗಿರಲಿ. ಒತ್ತು ಗೊತ್ತಾಗ್ಬೇಕು ಅಂದ್ರೆ ಕಾರ್ಪೆಟ್‌ನ ಹಿಂದಕ್ಕೆ ಬಗ್ಗಿಸಿ, ನೂಲುಗಳ ಮಧ್ಯೆ ಬುಡದ ಬಟ್ಟೆ ಸುಲಭವಾಗಿ ಕಂಡ್ರೆ ಬಿಟ್ಟುಬಿಡಿ. ಎತ್ತರ ಇದ್ದು ತೆಳುವಾಗಿರೋದಕ್ಕಿಂತ ಗಿಡ್ಡ ಇದ್ದು ಒತ್ತಾಗಿರೋದು ಯಾವಾಗ್ಲೂ ಮೇಲು, ಅಂಗಡೀಲಿ ಕಾಲಿಗೆ ಮೆತ್ತಗೆ ಸಿಗೋ ಆ ಖುಷಿ ಜಾಸ್ತಿ ದಿನ ಇರಲ್ಲ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ ನೋಡೋಕೆ ಪರ್ಮಿಶನ್ ಕೇಳಿ, ಬಣ್ಣ ಬಿಟ್ರೆ ಅಲ್ಲೇ ಗೊತ್ತಾಗುತ್ತೆ.

ಪ್ರಶ್ನೆ: ಕೈಯಲ್ಲಿ ಮಾಡಿದ್ದು ಅಂತ ಎರಡು ಕಾರ್ಪೆಟ್ ತೋರಿಸ್ತಾರೆ, ಎರಡೂ ಉಣ್ಣೆನೇ, ರೇಟ್‌ನಲ್ಲಿ ಮಾತ್ರ ಅಜಗಜಾಂತರ. ಮೋಸ ಏನಾದ್ರೂ ಇದ್ಯಾ?

ಉತ್ತರ: ಮೋಸ ಅಂತ ಹೇಳೋಕಾಗಲ್ಲ, ಕೆಲಸ ಬೇರೆ. ಒಂದರಲ್ಲಿ ಮಗ್ಗದ ಮೇಲೆ ಒಂದೊಂದೇ ಗಂಟು ಕೈಯಲ್ಲಿ ಹಾಕಿರ್ತಾರೆ, ತಿಂಗಳುಗಟ್ಟಲೆ ಹಿಡಿಯೋ ಕೆಲಸ. ಇನ್ನೊಂದರಲ್ಲಿ ಕೈಯಲ್ಲೇ ಹಿಡಿದ ಗನ್‌ನಿಂದ ಬಟ್ಟೆಗೆ ನೂಲು ಚುಚ್ಚಿ, ಹಿಂದೆ ಲೇಟೆಕ್ಸ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಅಂಟಿಸ್ತಾರೆ. ಇದು ಟಫ್ಟೆಡ್. ತಿರುಗಿಸಿ ನೋಡಿದ್ರೆ ಸಾಕು. ಗಂಟಿನದರಲ್ಲಿ ಮುಂದಿನ ಡಿಸೈನೇ ಹಿಂದೂ ಸ್ಪಷ್ಟವಾಗಿ ಕಾಣುತ್ತೆ, ತುದೀಲಿರೋ ಕುಚ್ಚು ಮಗ್ಗದಲ್ಲಿ ಉದ್ದಕ್ಕೆ ಎಳೆದ ಹಾಸಿನ ನೂಲೇ ಮುಂದುವರಿದು ಬಂದಿರೋದು. ಟಫ್ಟೆಡ್‌ನಲ್ಲಿ ಹಿಂದೆ ಬರೀ ಬಟ್ಟೆ, ಕುಚ್ಚಿದ್ರೆ ಆಮೇಲೆ ಹೊಲಿದಿದ್ದು. ಲೇಟೆಕ್ಸ್ ವರ್ಷಗಳು ಕಳೆದ ಹಾಗೆ ಒಣಗಿ ಪುಡಿಯಾಗಿ ಕೆಳಗೆ ಉದುರುತ್ತೆ, ರಿಪೇರಿ ಕಷ್ಟ. ಗಂಟಿನದು ಹರಿದ್ರೂ ಬಲ್ಲವರು ಮತ್ತೆ ಗಂಟು ಹಾಕಿ ಕೊಡ್ತಾರೆ, ಮುಂದಿನ ತಲೆಮಾರಿಗೂ ಬರುತ್ತೆ. ಕೆಲವು ವರ್ಷ ಬಳಸಿ ಬದಲಾಯಿಸೋ ಪ್ಲಾನ್ ಇದ್ರೆ ಟಫ್ಟೆಡ್ ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಗಂಟಿನ ರೇಟ್ ಕೊಟ್ಟು ಟಫ್ಟೆಡ್ ತರ್ಬೇಡಿ.

ಪ್ರಶ್ನೆ: ಸೈಜ್ ಹೇಗೆ ನೋಡೋದು? ತಂದಿದ್ದು ಹಾಲ್ ಮಧ್ಯೆ ತುಂಬಾ ಚಿಕ್ಕದಾಗಿ ಕಾಣ್ತಿದೆ.

ಉತ್ತರ: ಸೋಫಾದ ಮುಂದಿನ ಕಾಲುಗಳಾದ್ರೂ ಕಾರ್ಪೆಟ್ ಮೇಲೆ ಬರ್ಬೇಕು, ಇಲ್ಲಾಂದ್ರೆ ಯಾವುದಕ್ಕೂ ಸಂಬಂಧ ಇಲ್ಲದ ಹಾಗೆ ಮಧ್ಯೆ ಬಿದ್ದಿರುತ್ತೆ. ಗೋಡೆ ಕಡೆ 30ರಿಂದ 45 ಸೆಂಟಿಮೀಟರ್ ನೆಲ ಖಾಲಿ ಬಿಟ್ರೆ ಚೆನ್ನ. ಊಟದ ಟೇಬಲ್ ಕೆಳಗಾದ್ರೆ ಟೇಬಲ್ಲಿನ ಅಂಚಿಂದ ಪ್ರತಿ ಕಡೆ 60 ಸೆಂಟಿಮೀಟರ್ ಜಾಸ್ತಿ ಇರಲಿ, ಕುರ್ಚಿ ಹಿಂದಕ್ಕೆ ಎಳೆದಾಗ ಕಾಲು ಅಂಚಿಗೆ ಸಿಕ್ಕಿಹಾಕ್ಕೊಳ್ಳಲ್ಲ. ತಗೊಳ್ಳೋ ಮುಂಚೆ ನೆಲದ ಮೇಲೆ ಹಳೇ ಪೇಪರ್ ಹಾಸಿ ಒಂದು ದಿನ ಓಡಾಡಿ ನೋಡಿ. ಈಗ ತಂದಿರೋದನ್ನ ಮಂಚದ ಪಕ್ಕಕ್ಕೆ ಹಾಕಿ, ವೇಸ್ಟ್ ಆಗಲ್ಲ.

ಪ್ರಶ್ನೆ: ಮಗಳಿಗೆ ಡಸ್ಟ್ ಅಲರ್ಜಿ, ರಾತ್ರಿ ಉಬ್ಬಸ ಬರುತ್ತೆ. ಅವಳ ರೂಮಿಗೆ ಕಾರ್ಪೆಟ್ ಹಾಕ್ಬಹುದಾ?

ಉತ್ತರ: ಗೋಡೆಯಿಂದ ಗೋಡೆಗೆ ಅಂಟಿಸೋ ಕಾರ್ಪೆಟ್ ಅವಳ ರೂಮಿಗೆ ಬೇಡವೇ ಬೇಡ. ಧೂಳಿನ ಹುಳ ಅಂತ ಕಣ್ಣಿಗೆ ಕಾಣದ ಜೀವಿಗಳಿವೆ, ನಮ್ಮ ಚರ್ಮದಿಂದ ಉದುರೋ ಪುಡಿನೇ ಅವಕ್ಕೆ ಆಹಾರ, ಅವುಗಳ ಹಿಕ್ಕೆ ಉಬ್ಬಸ ಎಬ್ಬಿಸುತ್ತೆ, ದಪ್ಪ ಕಾರ್ಪೆಟ್ ಬುಡದಲ್ಲಿ ಸೇರ್ಕೊಂಡಿದ್ದನ್ನ ವ್ಯಾಕ್ಯೂಮ್ ಪೂರ್ತಿ ಎಳೆಯಲ್ಲ. ನೆಲ ಖಾಲಿ ಇರೋದೇ ಒಳ್ಳೇದು. ಕಾಲಿಗೆ ತಣ್ಣಗಾಗುತ್ತೆ ಅಂತಿದ್ರೆ ಮಂಚದ ಪಕ್ಕ ಹತ್ತಿಯ ಜಮಖಾನದ ಥರದ್ದು, ಪೈಲ್ ಇಲ್ಲದ ಚಿಕ್ಕ ಹಾಸು ಹಾಕಿ, ಮಷೀನ್‌ನಲ್ಲಿ 60 ಡಿಗ್ರಿ ಬಿಸಿನೀರಲ್ಲಿ ಒಗೆಯೋಕೆ ಆಗೋದನ್ನೇ ಆರಿಸಿ, ಆ ಬಿಸಿಗೆ ಹುಳ ಸಾಯುತ್ತೆ. ಆಮೇಲೆ ಒಳಗೂ ಹೊರಗೂ ಪೂರ್ತಿ ಒಣಗಿದ ಮೇಲೇ ಮತ್ತೆ ಹಾಸಿ, ತೇವ ಉಳಿದ್ರೆ ಬೂಷ್ಟು ಹಿಡಿಯುತ್ತೆ, ಉಬ್ಬಸಕ್ಕೆ ಅದೂ ಅಷ್ಟೇ ಕೆಟ್ಟದ್ದು. ಕೆಳಗೆ ಜಾರದ ಹಾಗೆ ರಬ್ಬರ್ ಜಾಲರಿ ಹಾಕೋದು ಮರೀಬೇಡಿ, ಅದು ಹಾಸಿಗಿಂತ ಎಲ್ಲಾ ಕಡೆ ಎರಡು ಮೂರು ಸೆಂಟಿಮೀಟರ್ ಚಿಕ್ಕದಿರಲಿ, ಆಗ ಅಂಚು ನೆಲಕ್ಕೆ ಕೂತಿರುತ್ತೆ, ಕಾಲು ಎಡವಲ್ಲ.