ಆ ಪೆನ್ಸಿಲ್ ಗುರುತುಗಳನ್ನು ಯಾಕೆ ಬಿಟ್ಟಿರಿ?

ನಮಸ್ಕಾರ.

ಅಡಿಲೇಡ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ನಿಮಗೆ 1946ರ ಕ್ಲಾಕ್ಸ್‌ಟನ್ ಶೀಲ್ಡ್ ಬೇಸ್‌ಬಾಲ್ ಟೂರ್ನಿಯ ಸ್ಮರಣ ಪುಸ್ತಿಕೆ ಸಿಕ್ಕಿದ್ದರ ಬಗ್ಗೆ ಬರೆದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಅಂಗಡಿಯಾಕೆಯ ಜೊತೆಗಿನ ಚೌಕಾಸಿ ಚೆನ್ನಾಗಿ ಬಂದಿದೆ. ಆದರೆ ಈಗಿರುವ ಹಾಗೆ ಇದನ್ನು ನಾನು ಪ್ರಕಟಿಸಲಾರೆ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಅವನ್ನಷ್ಟೇ ಹೇಳುತ್ತೇನೆ.

ನಿಮ್ಮ ಮೂರನೇ ಪ್ಯಾರಾ ನೋಡಿ. "ನಡುಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ಅರ್ಥವಿಲ್ಲದ ಅಂಕಿಗಳನ್ನು ಗೀಚಿದ್ದಾರೆ. 6-4-3, ಕೆ, 8... ಕಾಲದ ಹೊಳೆಯಲ್ಲಿ ತೇಲಿಬಂದ ಈ ಗುರುತುಗಳು ಏನನ್ನೋ ಪಿಸುಗುಟ್ಟುತ್ತವೆ."

'ಗೀಚಿದ್ದಾರೆ' ಅಂತ ಯಾಕೆ ಬರೆದಿರಿ? ಪ್ರೇಕ್ಷಕರು ಪಂದ್ಯ ನೋಡುತ್ತಾ ತುಂಬಿಕೊಳ್ಳಲಿ ಎಂದೇ ಆ ನಡುಪುಟದ ಚೌಕಗಳನ್ನು ಅಚ್ಚು ಹಾಕಿರುತ್ತಾರೆ. ಅದು ಸ್ಕೋರ್ ಪುಟ.

'ಅರ್ಥವಿಲ್ಲದ ಅಂಕಿಗಳು' ಅನ್ನುವುದಂತೂ ಪೂರ್ತಿ ತಪ್ಪು. ಬೇಸ್‌ಬಾಲ್‌ನಲ್ಲಿ ಫೀಲ್ಡರ್ ನಿಲ್ಲುವ ಒಂಬತ್ತು ಜಾಗಕ್ಕೂ ಒಂದೊಂದು ನಂಬರ್ ಇದೆ. ಚೆಂಡು ಎಸೆಯುವ ಪಿಚರ್ 1, ಅದನ್ನು ಹಿಡಿಯುವ ಕ್ಯಾಚರ್ 2. ಓಡುವವರು ಒಂದೊಂದಾಗಿ ಮುಟ್ಟಬೇಕಾದ ಮೊದಲ ಮೂರು ಬೇಸ್‌ಗಳಲ್ಲಿರುವವರು 3, 4, 5. ಎರಡು ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ದೂರದಲ್ಲಿ ನಿಲ್ಲುವವರು 7, 8, 9. ಈಗ 6-4-3 ಓದಿ. ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಕೈಗೆ ಹೋಯಿತು. ಅವನು ಎರಡನೇ ಬೇಸ್‌ಗೆ ಎಸೆದ, ಅಲ್ಲಿಗೆ ಓಡಿ ಬರುತ್ತಿದ್ದವನು ಔಟ್. ಅಲ್ಲಿಂದ ಮೊದಲ ಬೇಸ್‌ಗೆ ಎಸೆತ, ಹೊಡೆದವನೂ ಔಟ್. ಒಂದೇ ಹೊಡೆತಕ್ಕೆ ಇಬ್ಬರು ಹೋದರು. 'ಕೆ' ಅಂದರೆ ಮೂರು ಸ್ಟ್ರೈಕ್ ಆಗಿ, ಅಂದರೆ ಹೊಡೆಯುವ ಅವಕಾಶ ಮೂರು ಸಲ ತಪ್ಪಿ ಔಟ್. ಬರೀ 8 ಅಂದರೆ ನಡುವೆ ದೂರದಲ್ಲಿದ್ದ ಸೆಂಟರ್ ಫೀಲ್ಡರ್‌ಗೆ ಕ್ಯಾಚ್.

ಯುದ್ಧ ಮುಗಿದ ಮರುವರ್ಷ. ಆರು ವರ್ಷ ನಿಂತಿದ್ದ ಟೂರ್ನಿ ಮತ್ತೆ ಶುರುವಾಗಿದೆ. ಯಾರೋ ಒಬ್ಬರು ಪೆನ್ಸಿಲ್ ಹಿಡಿದು ಕೂತು, ಒಬ್ಬ ಆಟಗಾರನನ್ನೂ ಬಿಡದೆ ಬರೆದುಕೊಂಡಿದ್ದಾರೆ. ಓದುವಾಗ ನನ್ನ ಮೈ ಜುಮ್ಮೆಂದಿತು. ನೀವು ಅದನ್ನು ದಾಟಿ ಹೋಗಿ, ಕಾಗದದ ವಾಸನೆಗೆ ಎರಡು ಪ್ಯಾರಾ ಕೊಟ್ಟಿದ್ದೀರಿ.

ಇನ್ನೊಂದು ಮಾತನ್ನು ಸುಮ್ನೆ ಕಂಸದೊಳಗೆ ಹಾಕಿದ್ದೀರಿ: "ಏಳನೇ ಇನಿಂಗ್ಸ್ ಆದ ಮೇಲೆ ಪುಟ ಖಾಲಿ." ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಪೆನ್ಸಿಲ್ ಏಳಕ್ಕೆ ಯಾಕೆ ನಿಂತಿತು? ಮಳೆ ಬಂತಾ? ಕತ್ತಲಾಯ್ತಾ? ಬರೆಯುತ್ತಿದ್ದವರು ಎದ್ದು ಹೋದರಾ? ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್'ನಲ್ಲಿ ಆ ಕಾಲದ ಪತ್ರಿಕೆಗಳನ್ನು ಪುಕ್ಕಟೆ ಓದಬಹುದು. ಪ್ರತಿ ಇನಿಂಗ್ಸ್‌ನ ರನ್‌ಗಳನ್ನು ಪತ್ರಿಕೆಯ ವರದಿಯ ಜೊತೆ ಹೋಲಿಸಿ ನೋಡಿ. ಅದು ಯಾವ ಪಂದ್ಯ, ಕೊನೆಗೆ ಏನಾಯ್ತು ಅನ್ನುವುದನ್ನು ಹುಡುಕಲು ದಾರಿ ಸಿಗುತ್ತದೆ.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಒಂದು ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ. ಅಲ್ಲಿದ್ದ ಹಿರಿಯರೊಬ್ಬರು ಹೊಸಬರನ್ನು ರಣಜಿ ಪಂದ್ಯಕ್ಕೆ ಕಳಿಸಿದರೆ ವರದಿಗಾರರ ಜೊತೆ ಕೂರಲು ಬಿಡುತ್ತಿರಲಿಲ್ಲ, ಸ್ಕೋರರ್ ಪಕ್ಕ ಕೂರಿಸುತ್ತಿದ್ದರು. ಸಂಜೆ ಸ್ಕೋರ್ ಹಾಳೆಯ ನಕಲು ಮುಂದಿಟ್ಟು, "ಊಟ ಆದ ಮೇಲೆ ಏನಾಯ್ತಪ್ಪ, ಇದನ್ನು ನೋಡಿ ಹೇಳು" ಅನ್ನುತ್ತಿದ್ದರು. ಚುಕ್ಕೆ, ಚುಕ್ಕೆ, ಒಂದು, ಮತ್ತೆ ಚುಕ್ಕೆ. ರನ್ ಬಾರದೆ ಬ್ಯಾಟ್ಸ್‌ಮನ್ ಒದ್ದಾಡಿದ್ದು, ಆಮೇಲೆ ಯಾರಿಗೆ ಕ್ಯಾಚ್ ಕೊಟ್ಟ ಅನ್ನುವುದು, ಎಲ್ಲ ಆ ಹಾಳೆಯಲ್ಲೇ ಇರುತ್ತಿತ್ತು. ನಮ್ಮ ವರದಿಯಲ್ಲಿ 'ರೋಚಕ' ಅನ್ನುವ ಪದ ಕಂಡರೆ ಹೊಡೆದು ಹಾಕಿ, ಪಕ್ಕದಲ್ಲಿ "ಯಾವ ಬಾಲು?" ಎಂದು ಬರೆಯುತ್ತಿದ್ದರು. ಯಾರ ಬರಹ ಕೈಗೆ ಬಂದರೂ ನಾನು ಈಗಲೂ ಮೊದಲು ಹುಡುಕುವುದು ಆ ಬಾಲನ್ನೇ.

ಇನ್ನು ಕೊನೆಯ ಪುಟ. "ಕ್ರಿಕೆಟ್ ನಾಡಿಗೆ ಈ ಆಟ ಹೇಗೆ ಬಂತು? ಬಹುಶಃ ಯುದ್ಧಕ್ಕೆ ಬಂದ ಅಮೆರಿಕನ್ ಸೈನಿಕರು ಬಿಟ್ಟುಹೋಗಿರಬೇಕು."

ಹುಡುಕಿದರೆ ಸಿಗುವ ಜಾಗದಲ್ಲಿ 'ಬಹುಶಃ' ಬರೆಯಬೇಡಿ. ಸೈನಿಕರು ಅಲ್ಲಿ ಬೇಸ್‌ಬಾಲ್ ಆಡಿದ್ದು ನಿಜ, ತಂದವರು ಅವರಲ್ಲ. 1888ರ ಡಿಸೆಂಬರ್‌ನಲ್ಲೇ ಕ್ರೀಡಾ ಸಾಮಾನಿನ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಅಮೆರಿಕದಿಂದ ಎರಡು ತಂಡ ಕರೆತಂದು ಆಸ್ಟ್ರೇಲಿಯಾದಲ್ಲಿ ಪಂದ್ಯ ಆಡಿಸಿದ್ದ. ಈ ಶೀಲ್ಡ್‌ನ ಮೊದಲ ಟೂರ್ನಿ ನಡೆದದ್ದು 1934ರಲ್ಲಿ, ಅದೂ ನೀವಿರುವ ಅಡಿಲೇಡ್‌ನಲ್ಲೇ! ಮೊದಲ ಮೂರು ಸಲ ಗೆದ್ದದ್ದೂ ನಿಮ್ಮ ರಾಜ್ಯವೇ, ಸೌತ್ ಆಸ್ಟ್ರೇಲಿಯಾ.

'ಕ್ರಿಕೆಟ್ ನಾಡಿಗೆ' ಅನ್ನುವ ಆಶ್ಚರ್ಯವೂ ಇಲ್ಲಿ ನಿಲ್ಲುವುದಿಲ್ಲ. ಆಗ ಅಲ್ಲಿ ಕ್ರಿಕೆಟ್ ಬೇಸಿಗೆಯ ಆಟ, ಬೇಸ್‌ಬಾಲ್ ಚಳಿಗಾಲದ ಆಟ. ಎಷ್ಟೋ ಜನ ಎರಡನ್ನೂ ಆಡುತ್ತಿದ್ದರು. ಶೀಲ್ಡ್ ಕೊಟ್ಟ ನಾರ್ಮನ್ ಕ್ಲಾಕ್ಸ್‌ಟನ್ ಕೂಡ ಸೌತ್ ಆಸ್ಟ್ರೇಲಿಯಾದ ಕ್ರಿಕೆಟಿಗರೇ. ನಮ್ಮ ಓದುಗರಿಗೆ ಚೆನ್ನಾಗಿ ಗೊತ್ತಿರುವ, ಆಸ್ಟ್ರೇಲಿಯಾ ಕ್ರಿಕೆಟ್ ತಂಡದ ನಾಯಕರಾಗಿದ್ದ ಇಯಾನ್ ಚಾಪೆಲ್ 1960ರ ದಶಕದಲ್ಲಿ ಇದೇ ಶೀಲ್ಡ್‌ಗೆ ಸೌತ್ ಆಸ್ಟ್ರೇಲಿಯಾದ ಕ್ಯಾಚರ್ ಆಗಿ ಆಡಿದ್ದರು. ಕನ್ನಡ ಓದುಗರನ್ನು ಈ ಪುಸ್ತಿಕೆಯ ಹತ್ತಿರ ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ದಾರಿ ಬೇಕಾ? ನಿಮ್ಮ ಪುಸ್ತಿಕೆಯ ತಂಡದ ಪಟ್ಟಿಯಲ್ಲೂ ಕ್ರಿಕೆಟ್ ಆಡಿದವರು ಇರಬಹುದು. ಒಂದೊಂದೇ ಹೆಸರು ಹಿಡಿದು ನೋಡಿ.

ತಿದ್ದಿ ಕಳಿಸಿ, ನಾನು ಕಾಯುತ್ತೇನೆ. ಪರಿಮಳದ ಎರಡು ಪ್ಯಾರಾ ತೆಗೆದು ಆ ಜಾಗವನ್ನು ಸ್ಕೋರ್ ಪುಟಕ್ಕೆ ಕೊಡಿ. ಏಳು ಇನಿಂಗ್ಸ್‌ನಲ್ಲಿ ಏನೇನಾಯ್ತು ಅಂತ ಬರೆಯಿರಿ. ಜೊತೆಗೆ ನಡುಪುಟದ ಫೋಟೋ ಬೇಕು, ಒಂದೊಂದು ಚೌಕವೂ ಓದಲು ಬರುವಷ್ಟು ದೊಡ್ಡದಾಗಿ. ಅದನ್ನು ಲೇಖನದ ಜೊತೆಗೇ ಪೂರ್ತಿ ಪುಟಕ್ಕೆ ಹಾಕುತ್ತೇನೆ.

ಇಂತಿ,
ಸಂಪಾದಕ