2008ರ ಭೂಕಂಪದಲ್ಲಿ ಚೀನಾದ ದುಜಿಯಾಂಗ್‌ಯಾನ್ ಪಟ್ಟಣದ ಕಟ್ಟಡಗಳು ಅಷ್ಟೊಂದು ಕುಸಿದದ್ದೇಕೆ?

ಕಂಪನ ಭಾರೀ ಇತ್ತು, ನಿಜ (ತೀವ್ರತೆ 7.9). ಆದರೆ ಜೀವ ತೆಗೆದದ್ದು ಹೆಚ್ಚಾಗಿ ಛಾವಣಿ. ಮಿನ್ ನದಿದಂಡೆಯ ಈ ಊರಿನ ಹಳೆಯ ಕಟ್ಟಡಗಳಲ್ಲಿ ಇಟ್ಟಿಗೆ ಗೋಡೆಗಳ ಮೇಲೆ ಮೊದಲೇ ಎರಕಹೊಯ್ದ ಟೊಳ್ಳು ಕಾಂಕ್ರೀಟ್ ಹಲಗೆಗಳನ್ನು ಸಾಲಾಗಿ ಕೂರಿಸುತ್ತಿದ್ದರು. ಹಲಗೆಯ ತುದಿಗೆ ಆಸರೆ ಕೆಲವೇ ಸೆಂಟಿಮೀಟರ್. ಕಬ್ಬಿಣದಿಂದ ಬಿಗಿದಿರದಿದ್ದರೆ, ಗೋಡೆ ತುಸು ಹೊರಕ್ಕೆ ವಾಲಿದರೂ ಸಾಕು, ಹಲಗೆ ಜಾರಿ ಕೆಳಗಿನ ಮಹಡಿಯನ್ನೂ ಮುರಿಯುತ್ತದೆ. ಶಾಲೆಗಳಲ್ಲಂತೂ ದೊಡ್ಡ ಕಿಟಕಿ, ಅಡ್ಡಗೋಡೆ ಕಡಿಮೆ. ಮೇ 12ರ ಮಧ್ಯಾಹ್ನ 2:28ಕ್ಕೆ ಮಕ್ಕಳು ತರಗತಿಯಲ್ಲೇ ಇದ್ದರು. ಜುಯುವಾನ್ ಶಾಲೆಯಲ್ಲಿ ನೂರಾರು ಮಕ್ಕಳು ಸತ್ತರು.

ಪ್ರತಿ ಮಹಡಿ ಮಟ್ಟದಲ್ಲಿ ಸುತ್ತಲೂ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಪಟ್ಟಿ, ಮೂಲೆಗಳಲ್ಲಿ ಕಂಬ, ಹಲಗೆಗಳ ಮೇಲೆ ಕಬ್ಬಿಣದ ಜಾಲರಿ ಹಾಸಿದ ಕಾಂಕ್ರೀಟ್ ಪದರ ಇದ್ದರೆ ಬಿರುಕು ಬಿಡಬಹುದು, ಹೀಗೆ ಒಟ್ಟಿಗೇ ಕುಸಿಯುವುದು ಅಪರೂಪ.