ಓದುಗರ ಪ್ರಶ್ನೆ: ಮರೆವಿನ ಕಾಯಿಲೆಯವರ ಜೊತೆ ಹಾಡುವುದು ಹೇಗೆ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮದೊಂದು ಚಿಕ್ಕ ವೃದ್ಧಾಶ್ರಮ ಇದೆ. 14 ಜನರಲ್ಲಿ ಆರು ಮಂದಿಗೆ ಡಿಮೆನ್ಷಿಯಾ. ಹಾಡು ಒಳ್ಳೆಯದೆಂದು ದಿನಾ ಟಿವಿಯಲ್ಲಿ ಭಕ್ತಿಗೀತೆ ಹಾಕುತ್ತೇವೆ, ಯಾರೂ ಕಿವಿಗೊಡುವುದಿಲ್ಲ. ಆಯಾಗಳು "ನಮಗೆ ಹಾಡಾಕ ಬರಂಗಿಲ್ರಿ" ಅನ್ನುತ್ತಾರೆ. ಅವರಿಗೆ ತರಬೇತಿ ಹೇಗೆ ಕೊಡುವುದು?

ಉತ್ತರ: ಮೊದಲು ಟಿವಿ ಬಂದ್ ಮಾಡಿ. ಅದು ಯಾರಿಗಾಗಿಯೂ ನಿಂತು ಕಾಯುವುದಿಲ್ಲ. ಆಯಾಗಳ ಕಂಠದ ಚಿಂತೆಯೂ ಬೇಡ. ಅವರು ಕಲಿಯಬೇಕಾದದ್ದು ಹಾಡುತ್ತಲೇ ಎದುರಿನವರ ತುಟಿ, ಬೆರಳು, ಪಾದ ನೋಡುವುದನ್ನು.

ಸಾಮಾನ್ಯವಾಗಿ ಹದಿಹರೆಯದಿಂದ ಇಪ್ಪತ್ತೈದರೊಳಗೆ ಕೇಳಿದ ಹಾಡು ಗಟ್ಟಿಯಾಗಿ ಉಳಿದಿರುತ್ತದೆ. 1945ರಲ್ಲಿ ಹುಟ್ಟಿದವರಿಗೆ ಅದು 1960ರ ದಶಕದ ಹಾಡು. ಸಿನಿಮಾ ಹಾಡೇ ಆಗಬೇಕಿಲ್ಲ. ಬೀಸುವ ಪದ, ಸೋಬಾನೆ, ಹುಲಿಗೆಮ್ಮನ ಚೌಡಿಕೆ ಪದ, ಮೊಹರಂ ಪದ, ಬಯಲಾಟದ ಹಾಡು, ಮಾನವಿಯ ಜಗನ್ನಾಥದಾಸರ ಕೀರ್ತನೆ, ಯಾವುದೂ ಇರಬಹುದು. ಬಳ್ಳಾರಿ ಕಡೆಯ ಕೆಲವರಿಗೆ ತೆಲುಗು, ರಾಯಚೂರಿನ ಕೆಲವರಿಗೆ ಉರ್ದು ಹಾಡು ಬೇಕಾದೀತು. ಮನೆಯವರನ್ನು ಕೇಳಿ ಪ್ರತಿಯೊಬ್ಬರಿಗೂ ಒಂದು ಚೀಟಿ ಮಾಡಿ: ಮನೆಮಾತು, ಕರೆಯುವ ಹೆಸರು (ಅವ್ವಾರ, ಅಜ್ಜಾರ, ಅಮ್ಮೀಜಾನ್), ಐದು ಹಾಡು. ಹಾಡಬಾರದ ಹಾಡಿದ್ದರೆ ಅದನ್ನು ಹಿಂಬದಿಗೆ ಬರೆಯಿರಿ.

ತರಬೇತಿ ವಾರಕ್ಕೊಂದು ಗಂಟೆಯಂತೆ ಆರು ವಾರ ಸಾಕು. ಅಡುಗೆಯವರನ್ನೂ ರಾತ್ರಿ ಪಾಳಿಯವರನ್ನೂ ಬಿಡಬೇಡಿ. ಮೊದಲ ವಾರ ಸಿಬ್ಬಂದಿ ಮಾತ್ರ ಇಬ್ಬಿಬ್ಬರಾಗಿ ಕೂರಲಿ. ಒಬ್ಬರು ಮಾತಾಡದೆ ಬೆರಳಲ್ಲಿ ತೊಡೆ ತಟ್ಟುತ್ತಾರೆ, ಇನ್ನೊಬ್ಬರು ಆ ತಟ್ಟಿಗೆ ಹೊಂದಿಸಿ ಹಾಡುತ್ತಾರೆ. ತಟ್ಟು ನಿಧಾನವಾದರೆ ಹಾಡೂ ನಿಧಾನವಾಗಬೇಕು, ಅದೇ ಪಾಠ. ಎರಡನೇ ವಾರದಿಂದ ಹಿರಿಯರ ಜೊತೆ ಬೆಳಗಿನ ತಿಂಡಿ ಆಗಿ ಒಂದು ಗಂಟೆಯ ಮೇಲೆ, ಅರ್ಧ ಚಂದ್ರಾಕಾರದಲ್ಲಿ ಕುರ್ಚಿ ಹಾಕಿ, 20ರಿಂದ 30 ನಿಮಿಷ ಹಾಡಿ. ಒಬ್ಬ ಆಯಾ ಹಾಡಿದರೆ ಇನ್ನೊಬ್ಬರು ನೋಡಿ ಬರೆದುಕೊಳ್ಳಲಿ.

ಎಲ್ಲರೂ ತಪ್ಪುವುದು ಶ್ರುತಿಯಲ್ಲಿ. ಹುಡುಗಿಯರು ಸಿನಿಮಾ ಶ್ರುತಿಯಲ್ಲೇ ಎತ್ತಿಕೊಳ್ಳುತ್ತಾರೆ. ವಯಸ್ಸಾದ ಹೆಂಗಸರ ದನಿ ಕೆಳಗಿಳಿದಿರುತ್ತದೆ, ಮುಟ್ಟಲಾಗದೆ ಅಜ್ಜಿ ಸುಮ್ಮನಾಗುತ್ತಾರೆ. "ಮರ್ತಾರ" ಎಂದು ಮುಂದಿನ ಹಾಡಿಗೆ ಹೋಗಬೇಡಿ. ಹಾರ್ಮೋನಿಯಂನಲ್ಲಿ ಮೂರ್ನಾಲ್ಕು ಮನೆ ಇಳಿಸಿ ಅದನ್ನೇ ಮತ್ತೆ ಹಾಡಿ. ಸಾಲಿನ ಕೊನೇ ಪದ ಬಿಟ್ಟು, ಮುಖ ನೋಡುತ್ತಾ ಎರಡು ಉಸಿರು ಕಾಯಿರಿ. ಎಷ್ಟೋ ಸಲ ಆ ಪದ ಅವರ ಬಾಯಿಂದಲೇ ಬರುತ್ತದೆ.

ಹಲಗೆ, ದೊಡ್ಡ ತಾಳ ಬೇಡ, ಬೆಚ್ಚುತ್ತಾರೆ. ಬದಲಿಗೆ ಹಿರಿಯರು ಕೈಯಲ್ಲಿ ಹಿಡಿದು ಅಲ್ಲಾಡಿಸಲು ಕಾಲು ಲೀಟರಿನ ಗಟ್ಟಿ ಬಾಟಲಿಗೆ ಮೂರನೇ ಒಂದು ಭಾಗ ಜೋಳ ತುಂಬಿ. ಪೂರ್ತಿ ತುಂಬಿದರೆ ಸದ್ದೂ ಬರುವುದಿಲ್ಲ, ಮಣಿಕಟ್ಟೂ ಸೋಲುತ್ತದೆ. ಮುಚ್ಚಳಕ್ಕೆ ಅಂಟು ಹಾಕಿ ಮೇಲೆ ಟೇಪು ಸುತ್ತಲೇಬೇಕು. ಬಿಚ್ಚಿಕೊಂಡರೆ ಕಾಳು ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕೀತು.

ಪ್ರಶ್ನೆ: ಸ್ನಾನ ಮಾಡಿಸುವಾಗ ಒಬ್ಬ ಅಜ್ಜಿ ಚೀರುತ್ತಾರೆ, ಹೊಡೆಯುತ್ತಾರೆ. ಹಾಡಿನಿಂದ ಉಪಯೋಗವಿದೆಯೇ? (ರಾಯಚೂರು)

ಉತ್ತರ: ಇದೆ. ಸ್ವೀಡನ್ನಿನ ಸಂಶೋಧಕಿ ಇವಾ ಗೊಟೆಲ್ ಮತ್ತು ಸಂಗಡಿಗರು ಡಿಮೆನ್ಷಿಯಾ ಇದ್ದವರ ಬೆಳಗಿನ ಆರೈಕೆಯನ್ನು ಗಮನಿಸಿ 2002ರಲ್ಲಿ ವರದಿ ಮಾಡಿದ್ದಾರೆ. ಆರೈಕೆಯವರು ತಾವೇ ಹಾಡುತ್ತಿದ್ದಾಗ ಹೇಳಿಕೊಡುವ ಮಾತು ಕಡಿಮೆಯಾದರೂ ಹಿರಿಯರು ಮುಂದೇನು ಮಾಡಬೇಕೆಂದು ತಿಳಿದುಕೊಳ್ಳುತ್ತಿದ್ದರು. ಆದರೆ ಚೀರುವುದಕ್ಕೆ ನೋವು ಕಾರಣವೇ, ನೀರು ಬಿಸಿಯಾಯಿತೇ ಎಂದು ಮೊದಲು ನೋಡಿ. ನೋವನ್ನು ಹಾಡಿನಿಂದ ಮುಚ್ಚಬಾರದು. ಬಚ್ಚಲಿಗೆ ಹೋಗುವ ಮೊದಲೇ ಎದುರು ಕೂತು, ಕಣ್ಣಿಗೆ ಕಣ್ಣು ಸೇರಿದ ಮೇಲೆ ಮೆಲ್ಲಗೆ ಹಾಡು ಎತ್ತಿಕೊಳ್ಳಿ. ಮೊದಲ ತಂಬಿಗೆ ನೀರು ಪಾದಕ್ಕೆ, ತಲೆಗೆ ಕೊನೆಯಲ್ಲಿ. ನಡುವೆ "ಕೈ ಎತ್ತು, ತಿರುಗು" ಎಂದು ಕೂಗಬೇಡಿ, ಕೈ ಹಿಡಿದು ತೋರಿಸಿ. ಬಚ್ಚಲಲ್ಲಿ ದನಿ ಮೊಳಗುವುದರಿಂದ ಹಗುರಾಗಿ ಹಾಡಿದರೆ ಸಾಕು.

ಪ್ರಶ್ನೆ: ಹಾಡು ಕೇಳುತ್ತಾ ಒಬ್ಬ ಹಿರಿಯರು ಅಳುತ್ತಾರೆ. ನಿಲ್ಲಿಸಬೇಕೇ? (ಬಳ್ಳಾರಿ)

ಉತ್ತರ: ಕಣ್ಣೀರೆಲ್ಲ ಸಂಕಟವಲ್ಲ. ಅಳುತ್ತಲೇ ತುಟಿ ಆಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ಮುಂದುವರಿಸಿ. ಬಿಕ್ಕಿ ಬಿಕ್ಕಿ ಅಳತೊಡಗಿದರೆ ನಿಲ್ಲಿಸಿ, ಕೈ ಹಿಡಿದು ಸುಮ್ಮನಿರಿ. ಗಾಬರಿಯಲ್ಲಿ ಕುಣಿತದ ಹಾಡು ಹಾಕಬೇಡಿ. ಆ ಹಾಡನ್ನು ಚೀಟಿಯ ಹಿಂಬದಿಗೆ ಬರೆದು, ರಾತ್ರಿ ಪಾಳಿಯವರಿಗೂ ತಿಳಿಸಿ.